ಹೊಸ ಮಷಿನ್ ಬಂತು ಅಂತ ರಾಜೀನಾಮೆ ಕೇಳ್ತಿದ್ದಾರೆ, ಬರೆದುಕೊಡಬೇಕಾ?

ನೀವು ಬರೆದದ್ದು ಇಷ್ಟು: ಹುಬ್ಬಳ್ಳಿಯ ತಾರಿಹಾಳದ ಕಾರ್ಖಾನೆಯೊಂದರಲ್ಲಿ 9 ವರ್ಷ 7 ತಿಂಗಳಿಂದ ಲೇಥ್ (ಲೋಹ ಕಡೆಯುವ ಮಷಿನ್) ಮೇಲೆ ಇದ್ದೀರಿ. ಈಗ ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್ ಬಂದಿವೆ, ಆರು ಜನ ಬೇಡ ಅಂತಿದ್ದಾರೆ. ರಾಜೀನಾಮೆ ಬರೆದುಕೊಟ್ಟರೆ ಎರಡು ತಿಂಗಳ ಪಗಾರ ಕೊಡ್ತಾರಂತೆ.

ಬರೆದುಕೊಡಬೇಡಿ. ಉಳಿದ ಮಾತು ಆಮೇಲೆ.

ನಾನು ಬರೆದುಕೊಟ್ಟವನು, ಅದಕ್ಕೇ ಹೇಳ್ತಿದ್ದೇನೆ. ಗೋಕುಲ ರೋಡಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ 11 ವರ್ಷ ಟರ್ನರ್ (ಲೇಥ್ ನಡೆಸುವವ) ಆಗಿದ್ದೆ. 2018ರಲ್ಲಿ ಅಲ್ಲಿಗೂ ಸಿಎನ್‌ಸಿ ಬಂತು. ಒಂದು ಶನಿವಾರ ಶಿಫ್ಟ್ ಮುಗಿಸಿ ಕೈ ತೊಳೀತಿದ್ದೆ, ಆಫೀಸಿಗೆ ಕರೆದರು. ಟೈಪ್ ಮಾಡಿದ ಕಾಗದ ಮೊದಲೇ ರೆಡಿ ಇತ್ತು: ‘ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ.’ “ಸುಮ್ನೆ ಫಾರ್ಮಾಲಿಟಿ ರೀ, ಒಂದು ಸಹಿ ಹಾಕ್ರಿ” ಅಂದರು. ಹಾಕಿದೆ. ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಹಣ) ಚೆಕ್ ಸಿಕ್ಕಿತು, ಖುಷಿಯಾಗಿ ಮನೆಗೆ ಬಂದೆ.

ನನ್ನ ಪಕ್ಕದ ಮಷಿನ್‌ನವರು ಮಾತ್ರ “ಮನೆಗೆ ಒಯ್ದು ಅಳಿಯನಿಗೆ ತೋರಿಸ್ತೀನಿ” ಅಂದು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಸಹಿ ಹಾಕಲೇ ಇಲ್ಲ. ಅವರಿಗೆ ಕೊನೆಗೆ ನೋಟಿಸ್ ಬಂತು, ಗ್ರಾಚ್ಯುಟಿ ಜೊತೆಗೆ ಪರಿಹಾರವೂ ಬಂತು. ಇಬ್ಬರ ಕೆಲಸ ತಿಂದದ್ದು ಒಂದೇ ಮಷಿನ್. ನಾನು ಲೇಬರ್ ಆಫೀಸಿಗೆ ಓಡಿದೆ. ಅಲ್ಲಿಯವರು ನನ್ನ ಕಾಗದ ನೋಡಿ, “ನೀವಾಗೇ ಬಿಟ್ಟೀರಿ ಅಂತ ಐತಲ್ರೀ” ಅಂದರು. ಮುಗೀತು.

ಆಗ ಇದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ರಿಟ್ರೆಂಚ್‌ಮೆಂಟಿನ, ಅಂದರೆ ಕೆಲಸಗಾರರ ತಪ್ಪಿಲ್ಲದೆ ಜನ ಹೆಚ್ಚಾದರು ಅಂತ ತೆಗೆಯುವುದರ, ಮೂಲ ನಿಯಮ ಹಾಗೇ ಉಳಿದಿದೆ. ಒಂದು ವರ್ಷ ಸತತ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ, ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಪಗಾರ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ಪಗಾರದಂತೆ ಪರಿಹಾರ. ಅದನ್ನೂ ತೆಗೆಯುವ ಹೊತ್ತಿಗೇ ಕೊಡಬೇಕು, ‘ಆಮೇಲೆ ನೋಡೋಣ’ ಅನ್ನುವಂತಿಲ್ಲ. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದೂ ಪೂರ್ತಿ ವರ್ಷ. ಅಂದರೆ ನಿಮ್ಮದು 10.

ಬೇಸಿಕ್, ಡಿಎ ಸೇರಿ 18,000 ಅಂದಿದ್ದೀರಿ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಪರಿಹಾರ, ಅರ್ಧ ತಿಂಗಳಿಗೆ 9,000ದಂತೆ 10 ವರ್ಷಕ್ಕೆ 90,000. ನೋಟಿಸ್ ಕೊಡದಿದ್ದರೆ 18,000. ಗ್ರಾಚ್ಯುಟಿ ಬೇರೆ: 18,000ವನ್ನು 26ರಿಂದ (ತಿಂಗಳ ಕೆಲಸದ ದಿನ) ಭಾಗಿಸಿ, 15ರಿಂದಲೂ 10ರಿಂದಲೂ ಗುಣಿಸಿದರೆ ಸುಮಾರು 1,03,846. ಹೊಸ ಸಂಹಿತೆಯಲ್ಲಿ, ತೆಗೆದವರು ಹೊಸ ಕೆಲಸ ಕಲಿಯಲಿ ಅಂತ, ಮರುಕೌಶಲ್ಯ ನಿಧಿ ಅಂತ ಒಂದಿದೆ. ಮಾಲೀಕರು ಅದಕ್ಕೆ 15 ದಿನದ ಪಗಾರ ಕಟ್ಟಬೇಕು, ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಅದೊಂದು 9,000. ಎಲ್ಲ ಕೂಡಿದರೆ 2.2 ಲಕ್ಷ. ಅವರು ಹೇಳಿದ್ದು 36,000, ಅಲ್ವಾ? ಗ್ರಾಚ್ಯುಟಿಯಂತೂ ರಾಜೀನಾಮೆ ಕೊಟ್ಟರೂ ಸಿಗುವ ಹಣ, ಐದು ವರ್ಷ ದಾಟಿದೆ ನಿಮಗೆ. ಅದನ್ನೇ ಉಪಕಾರ ಅಂತ ತೋರಿಸಿದರೆ ನಂಬಬೇಡಿ. ನಾನು ನಂಬಿದ್ದೆ.

‘ಮೊದಲೇ ಹೇಳಬೇಕಿತ್ತಲ್ವಾ’ ಅಂತ ಕೇಳಿದ್ದೀರಿ. ಹೌದು. ಕೆಲಸಗಾರರನ್ನು ಕಡಿಮೆ ಮಾಡುವಂಥ ಯಂತ್ರ ಅಥವಾ ವಿಧಾನ ತರುವ ಮೊದಲು 21 ದಿನದ ಬದಲಾವಣೆ ನೋಟಿಸ್ ಕೊಡಬೇಕು ಅಂತ ಕಾನೂನಿದೆ. ನನ್ನ ಕಾಲದಲ್ಲಿ ಆ ನೋಟಿಸ್ ನಾನು ಕಣ್ಣಲ್ಲಿ ನೋಡಿಲ್ಲ. ಆದರೂ ಬರೆದು ಕೇಳಿ. ನೀವು ಕೇಳಿದ್ದಕ್ಕೆ ದಾಖಲೆ ಆಗುತ್ತೆ. ಇನ್ನೊಂದು: ಆರು ಜನ ಯಾರು ಅಂತ ಮಾಲೀಕರು ಮನಸ್ಸಿಗೆ ಬಂದಂತೆ ಆರಿಸುವಂತಿಲ್ಲ. ಸಾಮಾನ್ಯವಾಗಿ ಆ ವಿಭಾಗಕ್ಕೆ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಬೇರೆ ಮಾಡಿದರೆ ಕಾರಣ ಬರೆದಿಡಬೇಕು. ಕಳೆದ ವರ್ಷ ಬಂದ ಹುಡುಗ ಉಳಿದು ನೀವು ಹೋಗ್ತಿದ್ದರೆ ಇದನ್ನು ಎತ್ತಿ. ಒಂದು ವರ್ಷದೊಳಗೆ ಮತ್ತೆ ಜನ ತಗೊಂಡರೆ ನಿಮಗೇ ಮೊದಲ ಅವಕಾಶ. ‘ನಮ್ಮದು ಸಣ್ಣ ಫ್ಯಾಕ್ಟರಿ, ಇದೆಲ್ಲ ಇಲ್ಲ’ ಅಂದಾರು. ಕನಿಷ್ಠ 300 ಜನ ಇರಬೇಕು ಅನ್ನುವ ಲೆಕ್ಕ ಇರುವುದು, ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕು ಅನ್ನುವ ನಿಯಮಕ್ಕೆ. ನೋಟಿಸಿಗೂ ಪರಿಹಾರಕ್ಕೂ ಆ ಲೆಕ್ಕ ಇಲ್ಲ.

ಈಗಲೇ ಪಗಾರ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಹಾಜರಿ, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಗೇಟ್ ಪಾಸ್ ಕಸಿದುಕೊಂಡ ಮೇಲೆ ಇವು ಸಿಗೋದು ಕಷ್ಟ. ಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ. ವಿವಾದ ಶುರುವಾಗಿ 2 ವರ್ಷ ದಾಟಿದರೆ ಅವರು ರಾಜಿ ಮಾತುಕತೆಗೆ ತಗೊಳ್ಳಲ್ಲ, ತಡ ಮಾಡಬೇಡಿ. ವಕೀಲರ ಫೀ ಚಿಂತೆ ಬೇಡ. ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಉಳಿದ ಐದು ಜನರಲ್ಲಿ ಯಾರಾದರೂ ಆಗಲೇ ಸಹಿ ಹಾಕಿದ್ದರೆ, ರಾಜೀನಾಮೆ ಒಪ್ಪಿದೆವು ಅಂತ ಕಂಪನಿ ಪತ್ರ ಕೊಡುವ ಮೊದಲೇ ‘ವಾಪಸ್ ತಗೊಂಡಿದ್ದೇನೆ, ಒತ್ತಾಯಕ್ಕೆ ಸಹಿ ಹಾಕಿದ್ದೆ’ ಅಂತ ಬರೆದು ಸ್ಪೀಡ್ ಪೋಸ್ಟ್ ಮಾಡಲಿ. ಇವತ್ತೇ ಮಾಡಲಿ.