ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನಿಂದ ಕಡಲಿಗೆ

ಈ ಸಲ ಕೇಳಿದವರೆಲ್ಲ ಕೊಡಗಿನವರು, ಕೇಳಿದ್ದೆಲ್ಲ ಕರಾವಳಿಯ ಬಗ್ಗೆ.

ಪ್ರಶ್ನೆ: ಬಂಡೆಗಳ ಮೇಲಿನ ಕಡಲಜೀವಿಗಳನ್ನು ತೋರಿಸಲು ಒಂಬತ್ತನೇ ತರಗತಿಯ ಮಕ್ಕಳನ್ನು ಕಳೆದ ಜನವರಿಯಲ್ಲಿ ಉಳ್ಳಾಲದ ಬಳಿಯ ಸೋಮೇಶ್ವರಕ್ಕೆ ಕರೆದೊಯ್ದೆವು. ಅಮಾವಾಸ್ಯೆಗೆ ನೀರು ತುಂಬ ಇಳಿಯುತ್ತದೆಂದು ಕೇಳಿ ಅದೇ ದಿನ ಹೋದೆವು. ಹನ್ನೊಂದು ಗಂಟೆಗೆ ತಲುಪಿದಾಗ ಬಂಡೆಗಳೆಲ್ಲ ನೀರಿನಡಿ ಇದ್ದವು. ಎಲ್ಲಿ ತಪ್ಪಿದೆವು?
– ವಿಜ್ಞಾನ ಶಿಕ್ಷಕಿ, ಮಡಿಕೇರಿ

ಉತ್ತರ: ದಿನ ಸರಿ ಇತ್ತು, ಗಂಟೆ ತಪ್ಪಿತು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಳಿತ ಹೆಚ್ಚು ಎಂಬುದು ಅರ್ಧ ಮಾತು. ಆ ದಿನಗಳಲ್ಲಿ ಉಬ್ಬರವೂ ಅಷ್ಟೇ ಹೆಚ್ಚು. ಮಂಗಳೂರಿನ ಕಡೆ ಈ ದೊಡ್ಡ ಉಬ್ಬರ ಸಾಮಾನ್ಯವಾಗಿ ಮಧ್ಯಾಹ್ನದ ಆಸುಪಾಸಿಗೇ ಬರುತ್ತದೆ. ಬೆಳಿಗ್ಗೆ ಮಡಿಕೇರಿ ಬಿಟ್ಟ ಬಸ್ಸು ತಲುಪುವುದೂ ಆಗಲೇ.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆಯಂದು ನಸುಕಿನ ಐದರ ಸುಮಾರಿಗೆ ಆಗುವ ಇಳಿತ ಮೂರು ದಿನ ಕಳೆದರೆ ಏಳೂವರೆಗೆ ಬರುತ್ತದೆ, ನೀರು ಆಗಲೂ ಚೆನ್ನಾಗಿಯೇ ಇಳಿದಿರುತ್ತದೆ. ಆದ್ದರಿಂದ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಮೂರನೆಯ ದಿನವನ್ನು ಆರಿಸಿ, ಹಿಂದಿನ ರಾತ್ರಿ ಮಂಗಳೂರಿನಲ್ಲೇ ತಂಗಿ. ಇದು ಅಂದಾಜಿನ ಲೆಕ್ಕ. ದಿನ ಗೊತ್ತುಮಾಡುವ ಮೊದಲು ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಪಟ್ಟಿಯನ್ನೋ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಮುನ್ಸೂಚನೆಯನ್ನೋ ನೋಡಲೇಬೇಕು. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಮಟ್ಟದವಲ್ಲ. ಪಟ್ಟಿಯಲ್ಲಿ ಯಾವುದರ ಅಂಕಿ ಚಿಕ್ಕದೋ ಅದನ್ನು ಹಿಡಿಯಿರಿ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆಯ ಬಳಿ ಇದ್ದು, ಇಳಿಯುವ ನೀರಿನ ಹಿಂದೆಯೇ ಹೋಗಬೇಕು. ನೀರು ತಿರುಗಿದ ಮೇಲೆ ಅರ್ಧ ಗಂಟೆಯೊಳಗೆ ಎಲ್ಲರೂ ಮೇಲಿರಬೇಕು. ಉಬ್ಬರ ಏರುವ ವೇಗ ಒಂದೇ ಸಮ ಇರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಅರ್ಧದಷ್ಟು ನೀರು ನಡುವಿನ ಎರಡು ಗಂಟೆಯಲ್ಲೇ ಬಂದುಬಿಡುತ್ತದೆ.

ಬರೀ ನೋಡಿಕೊಂಡು ಬಂದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಡಿಮೆ, ಎಣಿಸಲಿ. ಅರ್ಧ ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೋ ಸೇರಿಸಿ ಒಳಅಳತೆ 50 ಸೆಂ.ಮೀ. ಇರುವ ಚೌಕ ಮಾಡಿ. ಪೈಪಿಗೆ ಅಲ್ಲಲ್ಲಿ ತೂತು ಕೊರೆಯಿರಿ, ಇಲ್ಲದಿದ್ದರೆ ಚೌಕ ಬಂಡೆಯ ಹೊಂಡಗಳಲ್ಲಿ ತೇಲುತ್ತದೆ. ಉಬ್ಬರದ ಗೆರೆಯಿಂದ ನೀರಿನಂಚಿನವರೆಗೆ 20 ಮೀಟರ್ ಹಗ್ಗ ಹಾಸಿ, ಪ್ರತಿ 2 ಮೀಟರಿಗೆ ಚೌಕ ಇಟ್ಟು, ಒಳಗಿನ ಬಸವನಹುಳು, ಸಿಂಪಿ, ಪಚ್ಚಿಲೆ (ಬಂಡೆಗೆ ಅಂಟುವ ಜೋಡಿಚಿಪ್ಪಿನ ಜೀವಿ), ಏಡಿಗಳನ್ನು ಎಣಿಸಿ ಬರೆದುಕೊಳ್ಳಿ. ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಸಿಕ್ಕಿತು. ಬಂಡೆಗೆ ಒತ್ತಾಗಿ ಅಂಟಿಕೊಂಡಿರುವ ಪುಟ್ಟ ಚಿಪ್ಪಿನ ಜೀವಿಗಳಾದ ಬಾರ್ನಕಲ್‌ಗಳನ್ನು ಒಂದೊಂದಾಗಿ ಎಣಿಸಲು ಹೋದರೆ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಚೌಕಕ್ಕೆ ದಾರ ಕಟ್ಟಿ ನೂರು ಮನೆ ಮಾಡಿಕೊಂಡು ಎಷ್ಟು ಮನೆ ಮುಚ್ಚಿವೆ ಎಂದು ನೋಡಿ, ಅದೇ ಶೇಕಡಾವಾರು. ಶಾಲೆಗೆ ಮರಳಿ ನಕ್ಷೆ ಬರೆದಾಗ ಮೇಲಿನ ಒಣ ಪಟ್ಟಿ, ನಡುಪಟ್ಟಿ, ಕೆಳಗಿನ ಒದ್ದೆ ಪಟ್ಟಿ ಬೇರೆಬೇರೆಯಾಗಿ ಕಾಣುತ್ತವೆ. ಎಷ್ಟು ಹೊತ್ತು ಬಿಸಿಲು ತಡೆಯಬಲ್ಲದು ಎಂಬುದರ ಮೇಲೆ ಒಂದೊಂದು ಜೀವಿಯ ಜಾಗ ನಿಂತಿದೆ ಎಂಬುದನ್ನು ಆಗ ನೀವು ಹೇಳಿಕೊಡಬೇಕಾಗಿಲ್ಲ.

ಮಗುಚಿದ ಕಲ್ಲನ್ನು ಇದ್ದಂತೆಯೇ ಇಡಿಸಿ. ಅಡಿಭಾಗದ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಶಂಕುವಿನಾಕಾರದ ಚಿಪ್ಪಿನ ಬಸವನಹುಳುವನ್ನು ಕೈಯಲ್ಲಿ ಹಿಡಿಯಬಾರದು, ಅದು ಚುಚ್ಚಿದರೆ ವಿಷವೇರುತ್ತದೆ. ಖಾಲಿ ಚಿಪ್ಪೂ ಸನ್ಯಾಸಿ ಏಡಿಗೆ ಬೇಕಾದ ಮನೆ, ಚೀಲ ತುಂಬಿಸಿಕೊಳ್ಳಬೇಡಿ. ಹಸಿರು ಪಾಚಿಯ ಮೇಲೆ ಕಾಲಿಡುವುದು ಬೇಡ. ಒಬ್ಬ ಶಿಕ್ಷಕರು ಬೇರೇನೂ ಮಾಡದೆ ಕಡಲನ್ನೇ ನೋಡುತ್ತ ನಿಂತಿರಲಿ. ಸೋಮೇಶ್ವರದಲ್ಲಿ ಸೆಳೆತ ಬಲವಾದದ್ದು, ಮಕ್ಕಳನ್ನು ನೀರಿಗಿಳಿಸಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸದ ಯೋಚನೆಯೇ ಬೇಡ.

ಪ್ರಶ್ನೆ: ನಮ್ಮ ಐನ್‌ಮನೆಯ (ಮನೆತನದ ಮೂಲಮನೆ) ಹೆಂಚು ಇಳಿಸಿದಾಗ ಕೆಲವದರ ಬೆನ್ನಿನಲ್ಲಿ ಬಾಸೆಲ್ ಮಿಶನ್ ಎಂಬ ಹೆಸರೂ 1865 ಎಂಬ ಅಂಕಿಯೂ ಕಂಡವು. ಹೆಂಚು ಅಷ್ಟು ಹಳೆಯದೇ? ಮತ್ತೆ ಹೊದಿಸಬಹುದೇ?
– ನಾಪೋಕ್ಲು

ಉತ್ತರ: 1865 ಎಂಬುದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಆಮೇಲೂ ಬಹುಕಾಲ ಅದೇ ಅಂಕಿಯನ್ನು ಅಚ್ಚಿನಲ್ಲಿ ಉಳಿಸಿಕೊಂಡರು, ಆದ್ದರಿಂದ ಅದನ್ನು ನಿಮ್ಮ ಹೆಂಚಿನ ವಯಸ್ಸೆಂದು ಓದಬೇಡಿ. ಅಂಕಿಯ ಜೊತೆಗಿರುವ ಊರಿನ ಹೆಸರನ್ನು ನೋಡಿ. ಮಿಶನ್‌ಗೆ ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್‌ಗಳಲ್ಲೂ ಕಾರ್ಖಾನೆಗಳಿದ್ದವು. ಆ ಹೆಸರಿದ್ದರೆ ಹೆಂಚು ಜೆಪ್ಪುವಿನದಲ್ಲ, 1865ರದ್ದೂ ಅಲ್ಲ. ಒಂದನೇ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮಿಶನ್ ಹೆಸರೇ ಇರುವ ಹೆಂಚು ಬಹುಮಟ್ಟಿಗೆ ಅದಕ್ಕೂ ಮುಂಚಿನದು, ಅಂದರೆ ನೂರು ವರ್ಷ ದಾಟಿದ್ದು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಯೇ ಮಂಗಳೂರು ಹೆಂಚಿನ ಮೂಲ.

ಮತ್ತೆ ಹೊದಿಸುವ ಮೊದಲು ಪ್ರತಿ ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನಂತೆ ದನಿ ಬಂದರೆ ಗಟ್ಟಿ. ಮಂದವಾಗಿ ಬಡಿದರೆ ಕಣ್ಣಿಗೆ ಕಾಣದ ಸೀಳು ಇದೆ. ಹತ್ತು ಹೆಂಚುಗಳನ್ನು ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ತೂಕ ಶೇ. 20ಕ್ಕಿಂತ ಹೆಚ್ಚು ಏರಿದರೆ ಅವು ಕೊಡಗಿನ ಮಳೆಗೆ ಆಗುವುದಿಲ್ಲ. ನೀರು ಕುಡಿದ ಹೆಂಚು ಪಕ್ಕಾಸು, ರೀಪಿನ ಮೇಲೆ ಭಾರ ಹೇರುತ್ತದೆ, ಮರ ಕೊಳೆಯುತ್ತದೆ. ಪಾಚಿಯನ್ನು ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿದರೆ ಸಾಕು. ಆಸಿಡ್, ತಂತಿಯ ಬ್ರಷ್ ಬೇಡವೇ ಬೇಡ, ಸುಟ್ಟ ಮೇಲ್ಮೈ ಹೋದರೆ ಮುಂದಿನ ವರ್ಷ ಪಾಚಿ ಎರಡರಷ್ಟು ಹತ್ತುತ್ತದೆ. ಹೊಸದು ತರುವುದಾದರೆ ಚದರ ಮೀಟರಿಗೆ ಸುಮಾರು 15 ಹೆಂಚು ಲೆಕ್ಕ ಹಾಕಿ. ಅಂಗಡಿಗೆ ಹಳೆಯ ಹೆಂಚೊಂದನ್ನು ಕೊಂಡೊಯ್ದು ಕೊಕ್ಕೆ, ತೋಡು ಕೂಡುತ್ತವೆಯೇ ನೋಡಿಯೇ ಕೊಳ್ಳಿ. ಕೂಡದಿದ್ದರೆ ಹಳೆಯದನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನು ಇನ್ನೊಂದಕ್ಕೆ ಹಾಕಿಸಿ. ಬೆರೆಸಿದರೆ ಸಂದಿಯಲ್ಲಿ ಸೋರುವುದು ಖಂಡಿತ. ಅಚ್ಚಿನ ಹೆಸರಿರುವ ಒಡಕು ಹೆಂಚನ್ನೂ ಎಸೆಯಬೇಡಿ, ಮನೆಯ ಕಾಲ ಹೇಳುವ ದಾಖಲೆ ಅದು.

ಪ್ರಶ್ನೆ: ಕರಾವಳಿಯ ಕಗ್ಗ ಭತ್ತ ನೆರೆಯಲ್ಲೂ ನಿಲ್ಲುತ್ತದಂತೆ. ಜುಲೈನಲ್ಲಿ ಮುಳುಗುವ ನಮ್ಮ ಗದ್ದೆಗೆ ಬಿತ್ತಬಹುದೇ?
– ಕೃಷಿಕ, ಪೊನ್ನಂಪೇಟೆ

ಉತ್ತರ: ಬೆಳೆಯುತ್ತದೆ, ಆದರೆ ಲಾಭವಿಲ್ಲ. ಕಗ್ಗ ಕುಮಟಾದ ಅಘನಾಶಿನಿ ಅಳಿವೆಯ ಮಾಣಿಕಟ್ಟಾ ಸುತ್ತಲಿನ ಗಜನಿ ಗದ್ದೆಗಳ ತಳಿ. ಅಲ್ಲಿ ಉಪ್ಪುನೀರಿಗೆ ಕಟ್ಟೆ ಹಾಕಿ, ಮೊದಲ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರ ಹಾಕುವುದಿಲ್ಲ. ಅಕ್ಟೋಬರ್ ಸುಮಾರಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ಕಟ್ಟೆಯ ಬಾಗಿಲು ತೆರೆದರೆ ಉಪ್ಪುನೀರಿನ ಜೊತೆ ಸಿಗಡಿ, ಮೀನುಮರಿ ಒಳಬರುತ್ತವೆ, ಕೊಳೆತ ಹುಲ್ಲು ಅವಕ್ಕೆ ಮೇವಿನ ಮೂಲ. ಭತ್ತ ಕಡಿಮೆ ಬಂದರೂ ಸಿಗಡಿಯಿಂದ ಲೆಕ್ಕ ಸರಿಹೋಗುತ್ತದೆ. ನಿಮ್ಮ ಗದ್ದೆಯಲ್ಲಿ ಉಪ್ಪೂ ಇಲ್ಲ, ಸಿಗಡಿಯೂ ಇಲ್ಲ. ಜೊತೆಗೆ ಕಗ್ಗದ ಕಾಳು ಬೇಗ ಉದುರುತ್ತದೆ. ಹುತ್ತರಿ ಸುಗ್ಗಿಹಬ್ಬಕ್ಕೆ ಮುಂಚೆಯೇ ಮಾಗಿ, ಕೊಡಗಿನ ಕೊನೆಯ ಮಳೆಗೆ ಸಿಕ್ಕಿ ಅರ್ಧ ಬೆಳೆ ಕೆಸರಿಗೆ ಬಿದ್ದೀತು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಕಗ್ಗ ಉಳಿಯಬೇಕಾದದ್ದು ಆ ಗಜನಿಗಳಲ್ಲೇ, ಅಲ್ಲಿನ ಕಟ್ಟೆಗಳು ಗಟ್ಟಿಯಾಗಿದ್ದರೆ ಮಾತ್ರ.

ಪ್ರಶ್ನೆ: ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದೇನೆ. ಕಡಲಿನ ಸಂಶೋಧನೆಗೆ ದಾರಿ ಯಾವುದು?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿಎಫ್‌ಎಸ್‌ಸಿ (ಮೀನುಗಾರಿಕಾ ವಿಜ್ಞಾನ ಪದವಿ) ಇದೆ, ಪ್ರವೇಶ ಸಿಇಟಿ ಮೂಲಕ. ಬಿಎಸ್‌ಸಿ ಮುಗಿಸಿ ಹೋಗುವುದಾದರೆ ಮಂಗಳೂರು ವಿಶ್ವವಿದ್ಯಾನಿಲಯದ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನದ, ಕಾರವಾರದಲ್ಲಿ ಸಾಗರ ಜೀವವಿಜ್ಞಾನದ ಎಂಎಸ್‌ಸಿ ಇದೆ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲೆ ಆಸಕ್ತಿಯಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಿಂದಲೂ ಆರಂಭಿಸಬಹುದು. ಈಜು ಮತ್ತು ಸಂಖ್ಯಾಶಾಸ್ತ್ರ, ಎರಡನ್ನೂ ಈಗಿನಿಂದಲೇ ಕಲಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹೊಳೆ ಕೆಂಪಾಗಿ ಹರಿಯುತ್ತದೆ. ಆ ಮಣ್ಣು ಕಡಲು ಮುಟ್ಟುತ್ತದೆಯೇ?
– ಸಂಪಾಜೆ

ಉತ್ತರ: ಮುಟ್ಟುತ್ತದೆ. ನಿಮ್ಮ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನ ಬಳಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಉಳ್ಳಾಲಕ್ಕೆ ಹೋಗುತ್ತದೆ, ಬರಪೊಳೆ ಕಣ್ಣೂರಿನ ವಳಪಟ್ಟಣಂ ಹೊಳೆಗೆ. ಹೊಳೆ ತರುವ ಮರಳು ಕಡಲತೀರಕ್ಕೆ ಬೇಕು, ಅದು ನಿಂತಲ್ಲಿ ದಂಡೆ ಕೊರೆಯುತ್ತದೆ. ಆದರೆ ನಯವಾದ ಕೆಂಪು ಜೇಡಿ ಬೇರೆ ಮಾತು: ಅಳಿವೆಯ ತಳದಲ್ಲಿ ಕೂತು ಮರುವಾಯಿಯಂಥ ಚಿಪ್ಪುಜೀವಿಗಳ ಉಸಿರು ಕಟ್ಟಿಸುತ್ತದೆ. ವ್ಯತ್ಯಾಸ ತಿಳಿಯಲು ಒಂದು ಲೀಟರ್ ಹೊಳೆನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಅಲುಗಿಸದೆ ಇಡಿ. ಮೊದಲ ನಿಮಿಷದಲ್ಲೇ ತಳಕ್ಕೆ ಬಿದ್ದದ್ದು ಮರಳು. ಮರುದಿನವೂ ನೀರು ಕೆಂಪಗಿದ್ದರೆ ಅದು ಜೇಡಿ, ಮೇಲೆ ಎಲ್ಲೋ ಇಳಿಜಾರಿನ ಮೇಲ್ಮಣ್ಣು ಬಿಚ್ಚಿಕೊಂಡಿದೆ. ಪ್ರತಿ ತೊರೆ ಸೇರುವ ಜಾಗದ ಮೇಲೂ ಕೆಳಗೂ ಒಂದೊಂದು ಬಾಟಲಿ ತುಂಬುತ್ತ ಹೋದರೆ ಯಾವ ತೊರೆಯಿಂದ ಬರುತ್ತಿದೆ ಎಂಬುದು ಒಂದೇ ಮಳೆಗೆ ಗೊತ್ತಾಗುತ್ತದೆ.