ಅಕ್ಕನ ಬ್ರೈಡಲ್ ಶವರ್: ನೆಂಟರ ಫೋನಲ್ಲಿರುವ ಫೋಟೋಗಳ ಬಗ್ಗೆ
ತುಮಕೂರಿನ ಮನೆಯಲ್ಲೇ ಅಕ್ಕನ ಬ್ರೈಡಲ್ ಶವರ್, ಜೊತೆಗೆ ಬಳೆ ಶಾಸ್ತ್ರ, ಫೋಟೋಗ್ರಾಫರ್ ಇಲ್ಲ, ಅರವತ್ತು ಜನರ ಫೋಟೋ ಹೇಗೆ ಸೇರಿಸಲಿ ಅಂತ ಕೇಳಿದ್ದೀರಿ.

ವಾಟ್ಸಾಪ್ ಗ್ರೂಪ್ ಒಂದನ್ನೇ ನಂಬಬೇಡಿ. ಸುಮ್ನೆ ಕಳಿಸಿದರೆ ಫೋಟೋ ಚಿಕ್ಕದಾಗುತ್ತದೆ, ಆಲ್ಬಮ್ ಪ್ರಿಂಟ್ ಮಾಡಿಸುವಾಗ ಮಸುಕಾಗುತ್ತದೆ. ಅದರಲ್ಲೇ ಕಳಿಸುವವರಿಗೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಗೂಗಲ್ ಫೋಟೋಸ್‌ನಲ್ಲಿ ಶೇರ್ಡ್ ಆಲ್ಬಮ್ ಮಾಡಿ, ಬೇರೆಯವರೂ ಫೋಟೋ ಹಾಕುವ ಆಯ್ಕೆ ಆನ್ ಇಡಿ. ಆ ಲಿಂಕಿನ ಕ್ಯೂಆರ್ ಕೋಡನ್ನು ಬಿ.ಎಚ್. ರಸ್ತೆಯ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ತಾಂಬೂಲ ಕೊಡುವ ಜಾಗದಲ್ಲಿ ಅಂಟಿಸಿ. ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ, ಅಲ್ವಾ?

ಆದರೆ ಅತ್ತೆ, ದೊಡ್ಡಮ್ಮಂದಿರು ಸ್ಕ್ಯಾನ್ ಮಾಡಲ್ಲ. ಅವರ ಫೋನಲ್ಲೇ ಚೆಂದದ ಫೋಟೋಗಳಿರುತ್ತವೆ, ಯಾಕೆಂದರೆ ಅವರು ಮದುಮಗಳ ಪಕ್ಕದಲ್ಲೇ ಕೂತಿರುತ್ತಾರೆ. ನನ್ನ ತಂಗಿಯ ಶಾಸ್ತ್ರದಲ್ಲಿ 'ಆಮೇಲೆ ಕೇಳೋಣ' ಅಂದುಕೊಂಡೆವು. ಅಜ್ಜಿ ಬಳೆ ತೊಡಿಸಿದ ಫೋಟೋ ಚಿಕ್ಕಮ್ಮನ ಫೋನಲ್ಲಿತ್ತು, ಆ ಫೋನ್ ಕೆಟ್ಟುಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಬ್ಬ ಹುಡುಗಿಗೆ ಇದೇ ಕೆಲಸ ವಹಿಸಿ: ಊಟಕ್ಕೆ ಮೊದಲು ಅವರನ್ನು ಕೇಳಿ, ಅವರ ಫೋನಿಂದಲೇ ಹಾಕಿಸಲಿ.

ಇನ್ನು ತೆಗೆಯುವ ವಿಷಯ. ಅಕ್ಕನನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ. ಫ್ಲಾಶ್ ಬೇಡ, ಗಾಜಿನ ಬಳೆ ಮೇಲೆ ಬೆಳಕು ಹೊಡೆಯುತ್ತದೆ. ಅರಿಶಿನದ ಕೈಯಲ್ಲಿ ಫೋನ್ ಮುಟ್ಟಿದ್ದರೆ ಲೆನ್ಸ್ ಒರೆಸಿಕೊಳ್ಳಿ. ಬಳೆ ತೊಡಿಸುವ ಕೈಗಳನ್ನು ಹತ್ತಿರದಿಂದ ತೆಗೆಯಲು ಒಬ್ಬರಿಗೆ ಮೊದಲೇ ಹೇಳಿಡಿ.