ಮೊಲದ ತಲೆ ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿದರೆ

ಪ್ರಶ್ನೆ: ನಮ್ಮ ಮನೆಯ ನಾಲ್ಕು ವರ್ಷದ ಮೊಲ ಮೊನ್ನೆ ರಾತ್ರಿಯವರೆಗೂ ಚೆನ್ನಾಗಿ ಓಡಾಡಿಕೊಂಡಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ತಲೆ ಎಡಕ್ಕೆ ವಾಲಿತ್ತು, ಕಣ್ಣುಗುಡ್ಡೆಗಳು ಅತ್ತಿತ್ತ ಹೊಯ್ದಾಡುತ್ತಿದ್ದವು, ಏಳಲು ಹೋದಾಗಲೆಲ್ಲ ಉರುಳಿ ಬೀಳುತ್ತಿತ್ತು. ಸೊಪ್ಪನ್ನು ಬಾಯಿಯ ಹತ್ತಿರ ಹಿಡಿದರೆ ಸ್ವಲ್ಪ ತಿನ್ನುತ್ತದೆ. ಇದು ಪಾರ್ಶ್ವವಾಯು, ಇನ್ನು ಉಳಿಯುವುದಿಲ್ಲ ಎಂದು ಕೆಲವರು ಹೇಳುತ್ತಿದ್ದಾರೆ. ಮಗುವಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿದೆ, ಅದನ್ನು ಕೊಡಬಹುದೇ? ಜೊತೆಗಿರುವ ಇನ್ನೊಂದು ಮೊಲವನ್ನು ಬೇರೆ ಇಡಬೇಕೇ?

ಉತ್ತರ: ಆ ಸಿರಪ್ಪನ್ನು ದಯವಿಟ್ಟು ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂತಹ ಆಂಟಿಬಯಾಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು ನಾಶವಾಗಿ, ಅವುಗಳ ಜಾಗದಲ್ಲಿ ವಿಷ ಉತ್ಪಾದಿಸುವ ಜೀವಿಗಳು ಬೆಳೆಯುತ್ತವೆ. ತಲೆ ವಾಲಿದ್ದರಿಂದ ಸಾಯದ ಮೊಲ ಭೇದಿಯಿಂದ ಸಾಯುವುದು ಹೀಗೆ. ಮೊಲಕ್ಕೆ ಸುರಕ್ಷಿತವಾದ ಬೇರೆ ಆಂಟಿಬಯಾಟಿಕ್‌ಗಳಿವೆ, ಅವು ಬೇಕೋ ಬೇಡವೋ ಎಂಬುದನ್ನು ಪಶುವೈದ್ಯರು ನಿರ್ಧರಿಸಲಿ. ಮನೆಯಲ್ಲಿ ಉಳಿದಿರಬಹುದಾದ ಸ್ಟೀರಾಯ್ಡ್ ಮಾತ್ರೆಗಳನ್ನೂ ಮುಟ್ಟಬೇಡಿ, ಏಕೆಂದರೆ ಅವು ಮೊಲದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಒಳಗೆ ಅಡಗಿರುವ ಸೋಂಕಿಗೆ ದಾರಿ ಮಾಡಿಕೊಡುತ್ತವೆ.

ನೀವು ವರ್ಣಿಸಿರುವ ಲಕ್ಷಣಗಳು ಪಾರ್ಶ್ವವಾಯುವಿಗಿಂತ ಹೆಚ್ಚಾಗಿ, ದೇಹದ ಸಮತೋಲನ ಕಾಯುವ ವ್ಯವಸ್ಥೆಗೆ ಪೆಟ್ಟು ಬಿದ್ದಿರುವುದನ್ನು ತೋರಿಸುತ್ತವೆ. ಈ ವ್ಯವಸ್ಥೆಯ ಒಂದು ತುದಿ ಒಳಕಿವಿಯಲ್ಲಿದೆ, ಇನ್ನೊಂದು ಮೆದುಳಿನಲ್ಲಿದೆ. ಆದ್ದರಿಂದ ಸಾಮಾನ್ಯವಾಗಿ ಎರಡು ಕಾರಣಗಳನ್ನು ಮೊದಲು ಶಂಕಿಸಲಾಗುತ್ತದೆ. ಒಂದು, ಪಾಸ್ಚುರೆಲ್ಲಾ ಮೊದಲಾದ ಬ್ಯಾಕ್ಟೀರಿಯಾಗಳಿಂದ ಮಧ್ಯಕಿವಿ ಮತ್ತು ಒಳಕಿವಿಗೆ ತಗಲುವ ಸೋಂಕು. ಜೋಲುಕಿವಿಯ ತಳಿಗಳಲ್ಲಿ ಇದು ಹೆಚ್ಚು, ಮತ್ತು ಹೊರಗಿನಿಂದ ಕಿವಿ ಸ್ವಚ್ಛವಾಗಿ ಕಂಡರೂ ಒಳಗೆ ಕೀವು ತುಂಬಿರಬಹುದು. ಇನ್ನೊಂದು, ಎನ್ಸೆಫಾಲಿಟೋಜೋವನ್ ಕ್ಯುನಿಕ್ಯುಲೈ ಎಂಬ ಪರಾವಲಂಬಿ ಸೂಕ್ಷ್ಮಜೀವಿ. 1922ರಲ್ಲಿ ಮೊಲಗಳಲ್ಲಿಯೇ ಮೊದಲು ವರ್ಣಿಸಲಾದ ಈ ಜೀವಿ ಮೂತ್ರದಲ್ಲಿರುವ ಬೀಜಾಣುಗಳ ಮೂಲಕ, ಅನೇಕ ವೇಳೆ ತಾಯಿಯಿಂದ ಮರಿಗೆ ಹರಡಿ, ಮೂತ್ರಪಿಂಡ, ಮೆದುಳು ಮತ್ತು ಕಣ್ಣುಗಳಲ್ಲಿ ನೆಲೆಸುತ್ತದೆ. ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡದೆ ಇದ್ದು ಒಂದು ದಿನ ಹೀಗೆ ಪ್ರಕಟವಾಗುವುದೂ ಉಂಟು.

ಇವೆರಡಲ್ಲದೆ ತಲೆಗೆ ಬಿದ್ದ ಪೆಟ್ಟು, ಬಿಸಿಲಿನ ಆಘಾತ, ಹಳೆಯ ಬಣ್ಣದ ಚೂರುಗಳನ್ನು ಕಡಿದು ಒಳಗೆ ಸೇರಿದ ಸೀಸ ಇವೂ ನರಗಳ ಮೇಲೆ ಪರಿಣಾಮ ಬೀರುತ್ತವೆ. ನಾಯಿಗೆ ಹಾಕುವ, ಫಿಪ್ರೋನಿಲ್ ಇರುವ ಚಿಗಟದ ಔಷಧವನ್ನು ಇತ್ತೀಚೆಗೆ ಮೊಲದ ಮೇಲೆ ಹಾಕಿದ್ದರೆ ಅದನ್ನು ಮರೆಯದೆ ವೈದ್ಯರಿಗೆ ಹೇಳಿ. ಅದು ಮೊಲಗಳಿಗೆ ವಿಷ, ಸೆಳವು ತರಿಸುತ್ತದೆ.

ಮೊಲಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಬಳಿಗೆ ಇಂದೇ ಹೋಗಿ. ಇಂದೇ ಎನ್ನುವುದಕ್ಕೆ ಕಾರಣ ವಾಲಿದ ಕತ್ತಿಗಿಂತ ಹೆಚ್ಚಾಗಿ ಅದರ ಹೊಟ್ಟೆ. ಸಮತೋಲನ ತಪ್ಪಿದ್ದು ಸರಿಹೋಗಲು ವಾರಗಳು ಬೇಕು, ಅದಕ್ಕೆ ಕಾಯಬಹುದು. ಆದರೆ ಮೊಲದ ಕರುಳು ಸತತವಾಗಿ ನಾರು ಸಿಗುತ್ತಿದ್ದರೆ ಮಾತ್ರ ಚಲಿಸುವಂಥದ್ದು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಚಲನೆ ನಿಂತು, ಗಾಳಿ ತುಂಬಿ, ನೋವಿನಿಂದ ಇನ್ನಷ್ಟು ತಿನ್ನದಾಗಿ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗತೊಡಗುತ್ತದೆ. ತಲೆ ವಾಲಿದ ಮೊಲಕ್ಕೆ, ರಾಟೆಯಿಂದ ಆಗಷ್ಟೇ ಇಳಿದವರಿಗೆ ಆಗುವಂತೆ, ನೆಲವೇ ತಿರುಗುತ್ತಿರುತ್ತದೆ. ಅದು ಹಸಿವಿದ್ದರೂ ತಟ್ಟೆಯವರೆಗೆ ಹೋಗಲಾರದು, ವಾಕರಿಕೆಯೂ ಇರಬಹುದು. ಸೊಪ್ಪನ್ನು ಬಾಯಿಗೆ ಹಿಡಿದಾಗ ತಿನ್ನುತ್ತಿದೆ ಎಂದು ನೀವು ಬರೆದಿರುವುದು ನನಗೆ ಈ ಪತ್ರದಲ್ಲಿ ಕಂಡ ಅತ್ಯಂತ ಭರವಸೆಯ ಸಂಗತಿ. ಹಾಗೆಯೇ ಗಂಟೆಗೊಮ್ಮೆಯಾದರೂ ಹಿಡಿಯಿರಿ. ಒಣಹುಲ್ಲನ್ನು ಮೂತಿಗೆ ತಾಗುವಂತೆ ಇಡಿ, ಸೊಪ್ಪನ್ನು ತೊಳೆದು ನೀರು ಒರೆಸದೆ ಕೊಡಿ, ನೀರನ್ನು ಅಗಲವಾದ, ಭಾರವಾದ, ಆಳವಿಲ್ಲದ ಬಟ್ಟಲಿನಲ್ಲಿ ಕೈಯಲ್ಲಿ ಹಿಡಿದು ತೋರಿಸಿ. ಹಿಕ್ಕೆಗಳ ಸಂಖ್ಯೆ ಮತ್ತು ಗಾತ್ರವನ್ನು ದಿನವೂ ಗಮನಿಸಿ, ಅವು ಸಣ್ಣದಾದರೆ ಅಥವಾ ನಿಂತರೆ ಬೆಳಗಾಗಲೆಂದು ಕಾಯಬೇಡಿ.

ತಾನಾಗಿ ತಿನ್ನುವುದು ಸಾಲದಾದಾಗ, ಕರುಳಿನಲ್ಲಿ ಅಡಚಣೆಯಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಮೊಲಗಳಿಗೆಂದೇ ತಯಾರಾದ ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 50 ಮಿಲಿಲೀಟರ್, ಅದನ್ನೂ ನಾಲ್ಕೈದು ಬಾರಿಯಾಗಿ ಹಂಚಿ. ಮೊಲವನ್ನು ಎಂದೂ ಅಂಗಾತ ಮಲಗಿಸಿ ಕುಡಿಸಬೇಡಿ. ಟವೆಲಿನಲ್ಲಿ ಸುತ್ತಿ, ಎದೆ ಕೆಳಗಾಗಿ ಕೂರಿಸಿ, ಬಾಯಿಯ ಪಕ್ಕದಿಂದ ಒಂದು ಮಿಲಿಲೀಟರಿನಷ್ಟು ಹಾಕಿ, ಅದು ಅಗಿದು ನುಂಗಿದ ನಂತರವೇ ಮುಂದಿನದನ್ನು ಹಾಕಿ. ಉರುಳಾಡುತ್ತಿರುವಾಗ ಕುಡಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ.

ಮಲಗುವ ಜಾಗವನ್ನು ಚಿಕ್ಕದಾಗಿಸಿ. ತಂತಿಯ ಪಂಜರ ಈಗ ಬೇಡ. ಜಾರದ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ, ಸುತ್ತಿದ ಟವೆಲುಗಳನ್ನು ಎರಡೂ ಪಕ್ಕೆಗೆ ಒತ್ತಿ ಇಟ್ಟರೆ ದೇಹಕ್ಕೆ ಆನಿಕೆ ಸಿಕ್ಕಿ ಉರುಳುವುದು ಕಡಿಮೆಯಾಗುತ್ತದೆ. ತಲೆಯನ್ನು ಕೈಯಿಂದ ನೇರ ಮಾಡಲು ಯತ್ನಿಸಬೇಡಿ. ಎತ್ತುವಾಗ ಮೈಯನ್ನು ನಿಮ್ಮ ಎದೆಗೆ ಒತ್ತಿ, ಹಿಂಗಾಲುಗಳಿಗೆ ಪೂರ್ತಿ ಆಧಾರ ಕೊಟ್ಟು ನಿಧಾನವಾಗಿ ಎತ್ತಿ, ಏಕೆಂದರೆ ಗಾಬರಿಯಿಂದ ಒದ್ದುಕೊಂಡ ಮೊಲ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಕೆಳಮುಖವಾಗಿರುವ ಕಣ್ಣು ಹಾಸಿಗೆಗೆ ಉಜ್ಜಿ ಗಾಯವಾಗುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ, ಆದ್ದರಿಂದ ಕಣ್ಣನ್ನು ತೇವವಾಗಿಡುವ ಮುಲಾಮನ್ನು ವೈದ್ಯರಿಂದ ಕೇಳಿ ಪಡೆಯಿರಿ. ಮೂತ್ರದಿಂದ ನೆನೆದ ಹಾಸನ್ನು ಕೂಡಲೇ ಬದಲಿಸಿ.

ವೈದ್ಯರಿಗೆ ತೋರಿಸಲು ಕಣ್ಣುಗುಡ್ಡೆಗಳ ಚಲನೆಯ ಒಂದು ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆ ತಲುಪುವ ಹೊತ್ತಿಗೆ ಅದು ನಿಂತಿರಬಹುದು, ಮತ್ತು ಗುಡ್ಡೆಗಳು ಅಡ್ಡಡ್ಡ ಹೊಯ್ದಾಡುತ್ತವೆಯೋ ಮೇಲೆ ಕೆಳಗೆ ಹೊಯ್ದಾಡುತ್ತವೆಯೋ ಎಂಬುದು ಮುಖ್ಯ. ಎರಡನೆಯದು ಮೆದುಳಿನ ಕಡೆಗೆ ಬೆರಳು ತೋರಿಸುತ್ತದೆ. ಅವರು ಕಿವಿಯನ್ನು ಪರೀಕ್ಷಿಸಿ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸಬಹುದು, ರಕ್ತದಲ್ಲಿ ಆ ಪರಾವಲಂಬಿಯ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕಬಹುದು. ಪ್ರತಿಕಾಯ ಇದೆ ಎಂದರೆ ಮೊಲಕ್ಕೆ ಎಂದೋ ಪರಾವಲಂಬಿ ತಗಲಿತ್ತು ಎಂದಷ್ಟೇ ಅರ್ಥ. ಆರೋಗ್ಯವಂತ ಮೊಲಗಳಲ್ಲಿಯೂ ಅದು ಕಾಣುವುದರಿಂದ, ಈ ಒಂದು ಫಲಿತಾಂಶವನ್ನು ನೆಚ್ಚಿ ಕಿವಿಯ ಪರೀಕ್ಷೆಯನ್ನು ಕೈಬಿಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಪರಾವಲಂಬಿಯ ಶಂಕೆ ಇದ್ದರೆ ಸಾಮಾನ್ಯವಾಗಿ ಫೆನ್‌ಬೆಂಡಜೋಲ್ ಔಷಧವನ್ನು ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ ದಿನಕ್ಕೊಮ್ಮೆ 28 ದಿನ ಕೊಡಲಾಗುತ್ತದೆ. ಅದು ಅಪರೂಪಕ್ಕೆ ಮೂಳೆಮಜ್ಜೆಯನ್ನು ಕುಗ್ಗಿಸುವುದರಿಂದ ನಡುವೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು, ಅಳತೆಯನ್ನು ನೀವಾಗಿ ಹೆಚ್ಚಿಸಬಾರದು. ಉರಿಯೂತಕ್ಕೂ ತಲೆಸುತ್ತಿಗೂ ಬೇರೆ ಔಷಧಗಳಿವೆ.

ಉಳಿಯುವುದಿಲ್ಲ ಎಂದವರ ಮಾತನ್ನು ಈಗಲೇ ನಂಬಬೇಕಾಗಿಲ್ಲ. ಮೊದಲ ಕೆಲವು ದಿನ ನೋಡುವವರಿಗೆ ಭಯವಾಗುವಷ್ಟು ಉರುಳಾಡಿದ ಮೊಲಗಳೂ ಚೇತರಿಸಿಕೊಳ್ಳುತ್ತವೆ. ತಲೆ ಸ್ವಲ್ಪ ವಾಲಿದಂತೆಯೇ ಉಳಿದರೂ ಅವು ಅದಕ್ಕೆ ಹೊಂದಿಕೊಂಡು ತಿಂದುಂಡು ಬದುಕುತ್ತವೆ. ಚಿಕಿತ್ಸೆಯ ನಂತರವೂ ಉರುಳುವುದು ನಿಲ್ಲದೆ, ಸ್ವಂತವಾಗಿ ಏನನ್ನೂ ತಿನ್ನದೆ ಇದ್ದರೆ ಮಾತ್ರ ನೋವಿಲ್ಲದ ಸಾವಿನ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕಾಗುತ್ತದೆ.

ಇನ್ನೊಂದು ಮೊಲದ ಬಗ್ಗೆ ಕೇಳಿದ್ದೀರಿ. ಇಷ್ಟು ದಿನ ಒಂದೇ ಜಾಗದಲ್ಲಿದ್ದುದರಿಂದ ಸೋಂಕು ತಗಲುವುದಾದರೆ ಈಗಾಗಲೇ ತಗಲಿರುತ್ತದೆ, ಜೋಡಿಯನ್ನು ಅಗಲಿಸಿದರೆ ಕಾಯಿಲೆಯ ಮೊಲ ಊಟ ಬಿಡುವ ಸಾಧ್ಯತೆ ಹೆಚ್ಚು. ಅದು ತುಳಿಯದೆ, ಕಾಡದೆ ಇದ್ದರೆ ಜೊತೆಯಲ್ಲಿಯೇ ಬಿಡಿ, ಅದಕ್ಕೂ ಪರೀಕ್ಷೆ ಬೇಕೇ ಎಂದು ಕೇಳಿ. ಬೀಜಾಣುಗಳು ವಾರಗಟ್ಟಲೆ ಬದುಕುವುದರಿಂದ ನೆಲವನ್ನು ತೆಳುವಾದ ಬ್ಲೀಚ್ ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮೊಲಗಳನ್ನು ಬಿಡಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ, ಮೂತ್ರದ ಹಾಸನ್ನು ಬದಲಿಸುವ ಕೆಲಸವನ್ನು ಅವರಿಗೆ ವಹಿಸಬೇಡಿ.